ಕಂಪ್ಯೂಟರಿನ ವಾಟಣಿ

ಬೆಳಿಗ್ಗೆ ಅಂಗಡಿಯ ಕದ ತೆರೆದು, ಕಸ ಹೊಡೆದು, ಕಂಪ್ಯೂಟರಿನ ಪೆಟ್ಟಿಗೆಗೆ ಮೂರು ಬೆರಳಿನಿಂದ ವಿಭೂತಿ ಎಳೆದು, "ಶಿವಾ" ಎಂದು ಗುಂಡಿ ಒತ್ತಿದ ಬಸಲಿಂಗಪ್ಪನಿಗೆ ಅಂದು ತನ್ನ ಹೆಸರು ಕಾಣಿಸಲಿಲ್ಲ.

ದಿನಾಲೂ ಕಾಣಿಸುತ್ತಿತ್ತು. ಗುಂಡಿ ಒತ್ತಿದೊಡನೆ ಕರಿಯ ಪರದೆಯ ಮೇಲೆ ಎರಡು ಹೆಸರು ಮೂಡುತ್ತಿದ್ದವು. ಮೇಲೆ ಬಸಲಿಂಗಪ್ಪ, ಕೆಳಗೆ ಶ್ರೀಶೈಲ. ಮೇಲಿನದನ್ನು ಆರಿಸಿದರೆ ಅಣ್ಣನ ವಿಂಡೋಸ್ ತೆರೆಯುತ್ತಿತ್ತು, ಕೆಳಗಿನದನ್ನು ಆರಿಸಿದರೆ ತಮ್ಮನ ಲಿನಕ್ಸ್. ಇಂದು ಹೆಸರೂ ಇಲ್ಲ, ಪಟ್ಟಿಯೂ ಇಲ್ಲ. ಪರದೆ ನೆಟ್ಟಗೆ ತಮ್ಮನ ಕಡೆಗೇ ಹೋಗಿ ನಿಂತು ಪಾಸ್‌ವರ್ಡ್ ಕೇಳುತ್ತಿತ್ತು. ಕಂಪ್ಯೂಟರನ್ನೇ ಆರಿಸಿ ಹಚ್ಚಿದ, ಮತ್ತೆ ಆರಿಸಿ ಹಚ್ಚಿದ. ಪ್ರತಿ ಸಲವೂ ಶ್ರೀಶೈಲನೇ ಎದುರಿಗೆ ಬಂದ.

"ನುಂಗಿದ!" ಎಂದು ಬಸಲಿಂಗಪ್ಪ ಕುರ್ಚಿಯಿಂದ ಎದ್ದು ನಿಂತ. "ನನ್ನ ಹಿಸ್ಸಾ ನುಂಗಿದ!"

ತಂದೆ ತೀರಿಕೊಂಡ ದಿನ ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ಅತ್ತ ಅಣ್ಣತಮ್ಮಂದಿರು ಇವರು. ಮುಂದೆ ಪಾಲಿಗೆ ನಿಂತರು. ಹೊಲ ಪಾಲಾಯಿತು, ಮನೆ ಪಾಲಾಯಿತು, ಅವ್ವನ ಕಾಲದ ಹಂಡೆಗಳೂ ಪಾಲಾದವು. ಬೈಲಹೊಂಗಲದ ಬಜಾರದಲ್ಲಿದ್ದ ಲಗ್ನಪತ್ರಿಕೆಯ ಅಂಗಡಿ ಮಾತ್ರ ಒಂದೇ ಖೋಲಿ, ಅದರೊಳಗೆ ಒಂದೇ ಕಂಪ್ಯೂಟರು. ಮಾರೋಣವೆಂದರೆ ಅಪ್ಪ ಕೊಂಡದ್ದು, ಇಬ್ಬರೂ ಒಲ್ಲೆವೆಂದರು. ಕೊನೆಗೆ ಧಾರವಾಡದಿಂದ ಬಂದ ರಿಪೇರಿಯವನೊಬ್ಬ, ಒಂದು ಮನೆಗೆ ಎರಡು ಬಾಗಿಲು ಇಟ್ಟಂತೆ ಈ ಪೆಟ್ಟಿಗೆಯನ್ನೂ ಒಳಗೇ ಎರಡು ಭಾಗ ಮಾಡಬಹುದೆಂದ. ಪಂಚರು ಒಪ್ಪಿದರು. ಮುಂಜಾನೆ ಅಣ್ಣ ಕೂಡಬೇಕು, ಊಟವಾದ ಮೇಲೆ ತಮ್ಮ. ಕಂಪ್ಯೂಟರಿನ ವಾಟಣಿ ಹೀಗೆ ಆಯಿತು.

ಅಂದಿನಿಂದ ಇಬ್ಬರಿಗೂ ಮಾತಿಲ್ಲ. ತೀರ ಅವಶ್ಯವಿದ್ದರೆ ಪಕ್ಕದ ಅಂಗಡಿಯ ದರ್ಜಿ ನಜೀರಸಾಬ ನಡುವೆ ನಿಂತು ಮಾತು ದಾಟಿಸುತ್ತಿದ್ದ. ಒಬ್ಬನ ಮೊಣಕೈ ಇನ್ನೊಬ್ಬನಿಗೆ ತಾಕುವಷ್ಟು ಹತ್ತಿರ ಕೂತಾಗಲೂ ನಜೀರಸಾಬ ಬೇಕೇ ಬೇಕು.

ಕೂಗು ಕೇಳಿ ಎದುರಿಗೆ ಹೂವು ಮಾರುತ್ತಿದ್ದ ಬಾಯವ್ವ ಬುಟ್ಟಿ ಬಿಟ್ಟು ಬಂದಳು.

"ಏನಾತ್ರೀ ಅಣ್ಣಾರ?"

"ನಮ್ಮ ತಮ್ಮ ನನ್ನ ಪಾಲು ನುಂಗ್ಯಾನ ನೋಡ ಬಾಯವ್ವಾ!"

"ಅಯ್ಯ ನನ್ನ ಶಿವನ! ಒಡಹುಟ್ಟಿದಾಂವ ಹಿಂಗ ಮಾಡೂದ?" ಎಂದವಳೇ ಬಾಯವ್ವ ಹೊರಟಳು. ಸುದ್ದಿ ಹೂವಿನ ಸಾಲಿನಲ್ಲಿ 'ತಮ್ಮ ಅಣ್ಣನ ಕಂಪ್ಯೂಟರ ನುಂಗಿದ' ಎಂದಿತ್ತು. ಕಿರಾಣಿ ಅಂಗಡಿ ದಾಟುವಾಗ 'ತಮ್ಮ ಅಣ್ಣನ್ನ ಹೊರಗ ಹಾಕಿದ' ಎಂದಾಯಿತು. ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ 'ತಮ್ಮ ಅಣ್ಣನ್ನ ಬಡದ' ಎಂದಾಗಿ, ಯಾರೋ ಪುಣ್ಯಾತ್ಮರು ಬಸಲಿಂಗಪ್ಪನ ಬೆನ್ನಿಗೆ ಹಚ್ಚಲು ಮುಲಾಮು ಹಿಡಿದುಕೊಂಡು ಬಂದರು.

ಅವರ ಹಿಂದೆಯೇ ಅಂಗಡಿಯ ಮುಂದೆ ಒಂದು ಜೀಪು ನಿಂತಿತು. ಚಚಡಿ ಊರಿನ ಸೋಮಪ್ಪ ಇಳಿದ. ಒಳಗೆ ಅವನ ಮನೆಯ ಹೆಣ್ಣುಮಕ್ಕಳು ಕಡ್ಡಿಪೆಟ್ಟಿಗೆಯ ಕಡ್ಡಿಗಳಂತೆ ತುಂಬಿಕೊಂಡಿದ್ದರು.

"ಬಸಲಿಂಗಪ್ಪಾರ, ಮಗಳ ಕಾರ್ಡ ತಯಾರ್ ಅದಾವಲ್ರಿ? ಇವತ್ತ ಶುಕ್ರವಾರ. ಮೊದಲನೇ ಕಾರ್ಡ ಗುಡ್ಡಕ್ಕ ಹೋಗಿ ಎಲ್ಲವ್ವನ ಪಾದಕ್ಕ ಮುಟ್ಟಿಸಿ ಬರಬೇಕು. ಅದು ಮುಟ್ಟದ ಒಬ್ಬರಿಗೂ ಕೊಡಂಗಿಲ್ಲ. ಮುಂದಿನ ಶುಕ್ರವಾರ ಅಂದ್ರ ಲಗ್ನಾನ ಬಂತು."

"ತಯಾರ್ ಐತ್ರಿ," ಎಂದ ಬಸಲಿಂಗಪ್ಪ. "ಆದ್ರ ನನ್ನ ಹಿಸ್ಸಾದೊಳಗ ಐತಿ."

"ಹಂಗಾರ ತಗೀರಿ."

"ಹಿಸ್ಸಾನ ಕಾಣವಲ್ಲದು!"

ಸೋಮಪ್ಪನ ಮುಖ ಕೆಂಪಗಾಯಿತು. ಜೀಪಿನೊಳಗಿಂದ ಹೆಣ್ಣುದನಿಯೊಂದು, "ಇವರೊಬ್ಬರನ್ನ ನಂಬಿ ಉಪಾಸ ಕುಂತೇವಿ ನೋಡ್ರಿ," ಎಂದಿತು.

ನಜೀರಸಾಬ ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದು ಪೆಟ್ಟಿಗೆಗೆ ಕಿವಿ ಹಚ್ಚಿದ. ಒಳಗೆ ಗುಂಯ್ ಎನ್ನುವ ಸದ್ದಿದೆಯೆಂದು ಹೇಳಿ, ಹೊಲಿಗೆ ಯಂತ್ರದ ಎಣ್ಣೆಯ ಕುಪ್ಪಿ ತಂದ. "ಎರಡ ಹನಿ ಬಿಡತೇನ್ರಿ, ಸರಾಗ ಆಕ್ಕೈತಿ." ಬಸಲಿಂಗಪ್ಪ ಅವನ ಕೈ ಹಿಡಿದುಕೊಳ್ಳುವುದರೊಳಗೆ ಅತ್ತ ಬಾಯವ್ವ, ದೃಷ್ಟಿಯಾಗಿದೆಯೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಅಂಗಡಿಯ ಮೆಟ್ಟಿಲಲ್ಲೇ ಸುಟ್ಟಳು. ನೆರೆದವರೆಲ್ಲ ಸೀನಿದರು. ಕಂಪ್ಯೂಟರು ಮಾತ್ರ ಸೀನಲೂ ಇಲ್ಲ, ಬಾಗಿಲು ಬಿಡಲೂ ಇಲ್ಲ.

"ಕರೀರಿ ಅವನ್ನ!" ಎಂದು ಬಸಲಿಂಗಪ್ಪ ಗುಡುಗಿದ. "ಪಂಚರನ್ನೂ ಕರೀರಿ! ಇವತ್ತ ಒಂದ ತೀರಬೇಕು!"

ಶ್ರೀಶೈಲ ಬಂದ. ಪಂಚರ ಹಿರಿಯ ಮಹಾದೇವಪ್ಪನೂ ಬಂದ. ಜೀವಮಾನವಿಡೀ ಸರ್ವೇ ಇಲಾಖೆಯಲ್ಲಿ ಹೊಲ ಅಳೆದು ನಿವೃತ್ತನಾದ ಆತನಿಗೆ ಲೋಕದ ಯಾವ ತಂಟೆಯೂ ಹೊಲದ ತಂಟೆಯಂತೆಯೇ ಕಾಣುತ್ತಿತ್ತು.

ಶ್ರೀಶೈಲ ನಜೀರಸಾಬನ ಕಡೆ ತಿರುಗಿದ. "ಅವರಿಗೆ ಹೇಳ್ರಿ, ನಾ ಏನೂ ಮಾಡಿಲ್ಲ. ನಿನ್ನೆ ಸಂಜಿಮುಂದ ನನ್ನ ಲಿನಕ್ಸ್, ಹೊಸಾ ಆವೃತ್ತಿ ಬಂದೈತಿ, ಹಾಕ್ಲೇನು ಅಂತ ಕೇಳ್ತು. ಹೂಂ ಅಂದೆ. ಮುಂದಿಂದು ಅದು ತಾನ ಮಾಡಿಕೊಂಡೈತಿ."

"ನಜೀರಸಾಬ, ಕೇಳ್ರಿ!" ಬಸಲಿಂಗಪ್ಪನ ಮೀಸೆ ಕುಣಿಯಿತು. "ತಾನ ಮಾಡಿಕೊಂಡೈತಂತ! ನಾಳೆ ನಮ್ಮ ಎಮ್ಮಿ ತಾನ ನಡಕೊಂಡ ಬಂದು ಇವರ ಗ್ವಾದಲ್ಯಾಗ ಕಟಗೊಂಡೈತಿ ಅಂತಾನ! ಹಾಲನ್ನೂ ತಾನ ಹಿಂಡಿ ಕೊಟ್ಟೈತಿ ಅಂತಾನ!"

ನಜೀರಸಾಬ ದಾಟಿಸಲು ಬಾಯಿ ತೆರೆದ. ಇಬ್ಬರ ನಡುವೆ ಒಂದು ಗೇಣೂ ಇರಲಿಲ್ಲವಾದ್ದರಿಂದ ಮುಚ್ಚಿಕೊಂಡ.

"ಸುಮ್ಮನಿರ್ರಿ," ಎಂದು ಮಹಾದೇವಪ್ಪ ಕೈಯೆತ್ತಿದ. "ಶ್ರೀಶೈಲಾ, ಅಣ್ಣನ ಹೊಲ ಐತೋ ಹೋಗೇತೋ, ಅಷ್ಟ ಹೇಳು."

"ಎಲ್ಲಾ ಇದ್ದಲ್ಲೇ ಐತ್ರಿ. ಪಟ್ಟಿ ಒಳಗ ಅವರ ಹೆಸರ ಬಿಟ್ಟಹೋಗೇತಿ, ಅಷ್ಟ."

"ಅಂದ್ರ ಗಡಿ ಬಾಂದ ಒಡದಿಲ್ಲ. ದಾರಿ ಬಂದ್ ಆಗೇತಿ," ಎಂದು ಮಹಾದೇವಪ್ಪ ತೀರ್ಮಾನಿಸಿದ. "ಹಿಂದಿನ ಹೊಲಕ್ಕ ಮುಂದಿನ ಹೊಲದಾಗಿಂದ ದಾರಿ ಬಿಡೂದು ಕಾಯ್ದೆ. ಬಿಡು ದಾರಿ."

ಶ್ರೀಶೈಲ ಒಂದು ಕೈಯಲ್ಲಿ ಮೊಬೈಲು ನೋಡುತ್ತ ಇನ್ನೊಂದು ಕೈಯಲ್ಲಿ ಕರಿಯ ಪರದೆಯ ಮೇಲೆ ಏನೇನೋ ಬಡಿದ. ಕಂಪ್ಯೂಟರು ಆರಿ ಹತ್ತಿತು. ಪಟ್ಟಿ ಬಂತು, ಹೆಸರುಗಳೂ ಬಂದವು. ಜೀಪಿನವರು ಚಪ್ಪಾಳೆ ತಟ್ಟಿದರು.

ಬಸಲಿಂಗಪ್ಪ ಕನ್ನಡಕ ಏರಿಸಿ ಬಗ್ಗಿ ನೋಡಿದವನು ಚೇಳು ಕಡಿದವನಂತೆ ಹಿಂದೆ ಸರಿದ. ಮೇಲೆ ಶ್ರೀಶೈಲ, ಕೆಳಗೆ ಬಸಲಿಂಗಪ್ಪ.

"ಹಿರೇಮಗ ನಾನು! ಕೆಳಗ ಹೆಂಗ ಬಂದೆ? ನನ್ನ ಹೆಸರ ಮ್ಯಾಲ ಹೋಗೂತನಕ ನಾ ಒಳಗ ಕಾಲಿಡಂಗಿಲ್ಲ!"

"ಮ್ಯಾಲರ ಇರ್ಲಿ, ಕೆಳಗರ ಇರ್ಲಿ, ಕಾರ್ಡ ತಗೀರೋ ಮಾರಾಯರ್ರಾ!" ಎಂದು ಸೋಮಪ್ಪ ಟೊಪ್ಪಿಗೆ ಕಿತ್ತು ಕೈಯಲ್ಲಿ ಹಿಡಿದ. "ಹೊತ್ತ ಏರಾಕತ್ತೇತಿ!"

ಶ್ರೀಶೈಲ ಹಲ್ಲು ಕಚ್ಚಿ ಮತ್ತೆ ಬಡಿದ. ಅಣ್ಣನ ಹೆಸರು ಮೇಲೇರಿತು. ಆದರೂ ಬಸಲಿಂಗಪ್ಪನ ಸಿಟ್ಟು ಇಳಿಯಲಿಲ್ಲ. ಪಂಚರೆದುರಿಗೆ, ಊರೆದುರಿಗೆ ನ್ಯಾಯ ತನ್ನ ಕಡೆ ಬಂದು ನಿಂತ ಇಂಥ ಗಳಿಗೆ ಮತ್ತೆ ಸಿಕ್ಕೀತೇ?

"ಮಹಾದೇವಪ್ಪಾರ, ಇವತ್ತ ತೆರೆದ. ನಾಳೆ ಮತ್ತ ಮುಚ್ಚಿದ್ರ? ಒಂದ ಕಟ್ಟ ಹಾಕಬೇಕ್ರಿ. ನಾ ಬಡವ, ದೇವರನ್ನ ನಂಬಿದಾಂವ. ನನಗ ರಕ್ಷಣಾ ಬೇಕು."

ಮಹಾದೇವಪ್ಪ ಗಂಟಲು ಸರಿಮಾಡಿಕೊಂಡ. "ಹಿಂದಿಂದು ಹಿಂದ ಆತು. ಈಗಿಂದ ಮುಂದ ಯಾರ ಕಡಿಂದ ಇನ್ನೊಬ್ಬರ ದಾರಿ ಮುಚ್ಚತೈತಿ, ಅಂವಾ ತನ್ನ ಪಾಲು ಬಿಟ್ಟ ಏಳಬೇಕು. ಇಡೀ ಮಷಿನ್ ಇನ್ನೊಬ್ಬಂದು. ಒಪ್ಪಿಗೇನು?"

"ಇನ್ನೂ ಒಂದ ಹಾಕ್ರಿ," ಎಂದ ಬಸಲಿಂಗಪ್ಪ, ತಮ್ಮನ ಕಡೆ ಓರೆಗಣ್ಣು ಬಿಟ್ಟು. "ನಾ ಮಾಡಿಲ್ಲ, ಅದು ತಾನ ಮಾಡಿಕೊಂಡೈತಿ ಅಂದ್ರ, ಆ ಮಾತ ಪಂಚರು ಕಿವೀಗೆ ಹಾಕ್ಕೊಬಾರದು."

"ಆತು, ಅದೂ ಸೇರ್ತು. ಶ್ರೀಶೈಲಾ?"

ಶ್ರೀಶೈಲ, "ಆಗ್ಲಿ ಅಂತ ಹೇಳ್ರಿ," ಎಂದು ನಜೀರಸಾಬನಿಗೆ ಹೇಳಿ ಹೊರಟುಹೋದ.

ಬಸಲಿಂಗಪ್ಪ ದಿಬ್ಬಣದ ಕುದುರೆ ಏರಿದವನಂತೆ ಕುರ್ಚಿಯಲ್ಲಿ ಕೂತ. ವಿಂಡೋಸ್ ತೆರೆಯಿತು. ಲಗ್ನಪತ್ರಿಕೆ ಇಟ್ಟಲ್ಲೇ ಇತ್ತು. ಮೊದಲನೆಯ ಕಾರ್ಡು ಬಿಸಿಬಿಸಿಯಾಗಿ ಹೊರಬಂತು. ಸೋಮಪ್ಪ ಅದಕ್ಕೆ ಅರಿಶಿಣ ಹಚ್ಚಿ ಕಣ್ಣಿಗೊತ್ತಿಕೊಂಡು, ಉಳಿದವನ್ನು ನಾಳೆ ಮುಂಜಾನೆ ಒಯ್ಯುವೆನೆಂದು ಹೇಳಿ ಹತ್ತಿದ. ಜೀಪು ಎಲ್ಲವ್ವನ ಗುಡ್ಡಕ್ಕೆ ಉಗರಗೋಳದ ದಾರಿ ಹಿಡಿಯಿತು.

ಊಟದ ಹೊತ್ತಾಗಿತ್ತು. ಕಂಪ್ಯೂಟರು ಆರಿಸುವಾಗ ಅದು ಏನೋ ಒಂದು ಕೇಳಿತು. ಗೆದ್ದವನ ಔದಾರ್ಯದಿಂದ ಬಸಲಿಂಗಪ್ಪ ಹೂಂ ಎಂದು ಒತ್ತಿ ಮನೆಗೆ ನಡೆದ. ರೊಟ್ಟಿ, ಬದನೆಕಾಯಿ ಪಲ್ಯ ಉಣ್ಣುತ್ತ ಹೆಂಡತಿ ಅನ್ನಪೂರ್ಣಾಳಿಗೆ ಇಡೀ ಕತೆಯನ್ನು ಎರಡು ಸಲ ಹೇಳಿದ. ಎರಡನೆಯ ಸಲ ಅದರಲ್ಲಿ ಅವನ ಧ್ವನಿ ಇನ್ನಷ್ಟು ದೊಡ್ಡದಾಗಿತ್ತು.

ಮಲಗಿ ಎದ್ದು ಇಳಿಹೊತ್ತಿಗೆ ಬಜಾರಕ್ಕೆ ಬಂದರೆ ಅಂಗಡಿಯ ಮುಂದೆ ಮತ್ತೆ ಮಂದಿ. ಮಹಾದೇವಪ್ಪನಿದ್ದ, ನಜೀರಸಾಬನಿದ್ದ, ಬಾಯವ್ವ ಮಾಲೆ ಕಟ್ಟುತ್ತ ನಿಂತಿದ್ದಳು. ಮಾಲೆ ತನಗೇ ಇರಬೇಕೆಂದುಕೊಂಡು ಬಸಲಿಂಗಪ್ಪ ಕೊರಳು ನೆಟ್ಟಗೆ ಮಾಡಿಕೊಂಡ.

"ಬರ್ರಿ, ಇದನ್ನ ಹಚ್ಚಿ ತೋರಿಸ್ರಿ," ಎಂದ ಮಹಾದೇವಪ್ಪ.

ಬಸಲಿಂಗಪ್ಪ ಗತ್ತಿನಿಂದ ಕುರ್ಚಿಯಲ್ಲಿ ಕೂತು ಗುಂಡಿ ಒತ್ತಿದ. ಪಟ್ಟಿ ಬರಲಿಲ್ಲ. ಹೆಸರುಗಳು ಬರಲಿಲ್ಲ. ಪರದೆ ನೆಟ್ಟಗೆ ಅವನ ವಿಂಡೋಸಿಗೇ ಹೋಗಿ ನಿಂತು, ಹೊಸ ಆವೃತ್ತಿಗೆ ಸ್ವಾಗತವೆಂದು ಇಂಗ್ಲಿಷಿನಲ್ಲಿ ನಮಸ್ಕಾರ ಹಾಕಿತು. ತಮ್ಮನ ಹೆಸರು ಎಲ್ಲಿಯೂ ಇರಲಿಲ್ಲ.

"ಮಧ್ಯಾಹ್ನದಿಂದ ಹಿಂಗ ಐತ್ರಿ," ಎಂದ ನಜೀರಸಾಬ ಮೆಲ್ಲಗೆ. "ಶ್ರೀಶೈಲಪ್ಪಾರ ದಾರಿ ಬಂದ್ ಆಗೇತಿ."

ಬಸಲಿಂಗಪ್ಪ ಮತ್ತೆ ಮತ್ತೆ ಗುಂಡಿ ಒತ್ತಿದ. "ನಾ ಏನೂ ಮಾಡಿಲ್ರಿ! ಏನೋ ಕೇಳ್ತು, ಹೂಂ ಅಂದೆ. ಅದು ತಾನ..."

ಮಹಾದೇವಪ್ಪ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡ. "ಅದನ್ನ ಕೇಳಬಾರದಂತ ನೀವ ಹಾಕಿಸೀರಿ."

"ನಾಳೆ ಸೋಮಪ್ಪನ ಕಾರ್ಡ..."

"ಶ್ರೀಶೈಲ ಮಾಡಿ ಕೊಡತಾನ."

ಆಗ ಶ್ರೀಶೈಲ ಮುಂದೆ ಬಂದ. ನಜೀರಸಾಬನ ಕಡೆ ನೋಡಲಿಲ್ಲ. ವಾಟಣಿಯಾದಂದಿನಿಂದ ಮೊದಲ ಸಲ ಅವನು ನೇರವಾಗಿ ಒಡಹುಟ್ಟಿದವನ ಮುಖ ನೋಡಿ ಬಾಯಿ ಬಿಟ್ಟ.

"ಅಣ್ಣಾ."

ಬಸಲಿಂಗಪ್ಪನ ಎದೆ ಕರಗಿತು. ಅಪ್ಪ ಹೋದ ದಿನ ನೆನಪಿಗೆ ಬಂತು. ಕಂಪ್ಯೂಟರು ಮರೆತುಹೋಯಿತು, ಪಂಚರು ಮರೆತುಹೋದರು. "ಏನಪಾ ತಮ್ಮಾ?" ಎಂದ, ಕಣ್ಣು ಒರೆಸಿಕೊಳ್ಳುತ್ತ.

"ಕುರ್ಚಿ ಬಿಡು."

ಬಸಲಿಂಗಪ್ಪ ಎದ್ದ. ಹೆಗಲ ಮೇಲಿನ ವಲ್ಲಿ ಝಾಡಿಸಿ ಹಾಕಿಕೊಂಡ. ಬಾಗಿಲ ತನಕ ನಡೆದು, ತಿರುಗಿ, ಇಡೀ ಬಜಾರಕ್ಕೆ ಕೇಳುವಂತೆ ಕೂಗಿದ:

"ನಜೀರಸಾಬ! ಅವನಿಗೆ ಹೇಳ್ರಿ, ನಾ ಅವನ ಜೋಡಿ ಮಾತಾಡೂದಿಲ್ಲ ಅಂತ!"