ಕೆರೆಗಿಳಿದ ಕಾರು ಮತ್ತು ನಮ್ಮ ಬೀಗಿತ್ತಿ

ನಮ್ಮ ಬೀಗಿತ್ತಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗುವುದಕ್ಕಿಂತ ಒಂದು ಹೋತವನ್ನು ಕೂರಿಸಿಕೊಂಡು ಹೋಗುವುದು ಸುಲಭ! ಹೋತವೂ ಕಿಟಕಿಯಿಂದ ತಲೆ ಹೊರಗೆ ಹಾಕೀತು. ಆದರೆ ದಾರಿಯಲ್ಲಿ ಹೋಗುವವರನ್ನೆಲ್ಲ ಊಟ ಆಯಿತೇ ಎಂದು ಕೇಳುವುದಿಲ್ಲ. ಇವರು ಕೇಳುತ್ತಾರೆ.

ಇವರು ನನ್ನ ಮಗಳ ಅತ್ತೆ. ಬಾಗಲಕೋಟೆ ಕಡೆಯ ಹೊಳೆದಂಡೆಯ ಊರಿನವರು. ಮಗ ಪೀಣ್ಯದಲ್ಲಿ ಲೇತ್ ಮೆಷಿನ್ ಕೆಲಸಕ್ಕೆ ಸೇರಿ ರಾಜಗೋಪಾಲನಗರದಲ್ಲಿ ಮನೆ ಮಾಡಿದ ಮೇಲೆ ಜೊತೆಗೆ ಬಂದರು. ನಾನು ಬೆಂಗಳೂರಿನ ಇನ್ನೊಂದು ತುದಿಯ ಹೂಡಿಯವಳು, ಹುಟ್ಟಿದ್ದೂ ಅಲ್ಲೇ, ಕೊಟ್ಟಿದ್ದೂ ಅಲ್ಲೇ. ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟ ನನಗೆ ಬರವಣಿಗೆ ಯಾಕೆ ಬೇಕಿತ್ತು ಹೇಳಿ? ಆದರೆ ಇದನ್ನು ಬರೆಯದೆ ಇದ್ದರೆ ನನಗೆ ತಡೆಯುವುದಿಲ್ಲ. ನನ್ನ ಮೊಮ್ಮಗಳು ಇದ್ದಾಳೆ ಕಣ್ರೀ! ಬದುಕಿದ್ದಾಳೆ! ಈಗಷ್ಟೇ ಬೆಲ್ಲ ಮೆತ್ತಿದ ಕೈಯಲ್ಲಿ ನನ್ನ ಕನ್ನಡಕ ಕಿತ್ತುಕೊಂಡು ಓಡಿದಳು!

ಮೊದಲು ಆ ಕಿಟಕಿಯ ವಿಷಯ ಹೇಳಬೇಕು. ಅಳಿಯ ಒಂದು ಹಳೆಯ ಕಾರು ತಂದ. ಅದರಲ್ಲಿ ಎ.ಸಿ. ಇತ್ತು. ಬೀಗಿತ್ತಿ ಕೂತ ಕಡೆ ಎ.ಸಿ.ಗೆ ಕೆಲಸವೇ ಇಲ್ಲ! ಹತ್ತಿದ ಕೂಡಲೇ ಹಿಡಿಕೆ ತಿರುಗಿಸಿ ಗಾಜನ್ನು ಪೂರ್ತಿ ಇಳಿಸುವುದು, ಮೊಣಕೈ ಹೊರಗಿಟ್ಟು ಕೂರುವುದು.

"ಅತ್ತೆ, ಧೂಳು ಬರುತ್ತೆ, ಗಾಜು ಏರಿಸಿ" ಎನ್ನುತ್ತಾಳೆ ನನ್ನ ಮಗಳು.

"ಧೂಳ ಬರ್ಲಿ ಬಿಡವಾ, ಜಳಕ ಮಾಡಿದ್ರ ಹೋಗತೈತಿ. ಉಸುರು ಹೋದ್ರ ಬರತೈತೇನು?"

ಪೀಣ್ಯದಿಂದ ಹೂಡಿಗೆ ಬರುವಷ್ಟರಲ್ಲಿ ಅವರ ಮುಖ ಸಿಮೆಂಟು ಗಾರೆಯವನ ಮುಖ! ಒಂದು ಸಲ ಸಿಗ್ನಲ್ಲಿನಲ್ಲಿ ಟ್ರಾಫಿಕ್ ಪೊಲೀಸಪ್ಪ ಅಳಿಯನನ್ನು ಗದರಿಸಲು ಹತ್ತಿರ ಬಂದ. ಇವರು ತಲೆ ಹೊರಗೆ ಹಾಕಿ, "ತಮ್ಮಾ, ಬಿಸಲಾಗ ನಿಂತು ನಿಂತು ಎಷ್ಟು ಸೊರಗೀಯಲ್ಲೋ, ಊಟ ಆತೇನು?" ಎಂದು ಅವನ ಕೈಗೆ ಒಂದು ಸಜ್ಜೆ ರೊಟ್ಟಿ ಇಟ್ಟುಬಿಟ್ಟರು. ಆತ ಬೈಯಲು ತೆರೆದ ಬಾಯಿಯನ್ನು ಹಾಗೇ ತೆರೆದುಕೊಂಡು ನಿಂತ. ಸಿಗ್ನಲ್ ಹಸಿರಾಯಿತು, ನಾವು ಹೊರಟೆವು!

ಇನ್ನು ನೀರು. ಹೊಳೆಯಲ್ಲಿ ಈಜಿ ಬೆಳೆದವರಿಗೆ ಬಾಡಿಗೆ ಮನೆಯ ಒಂದು ಬಕೆಟ್ ನೀರು ಯಾವ ಮೂಲೆಗೆ? "ಇದು ಜಳಕ ಅಲ್ಲರಿ, ಒರಸ್ಕೊಳ್ಳೂದು" ಎನ್ನುತ್ತಾರೆ. ಮೊದಲ ಸಲ ನಮ್ಮೂರಿಗೆ ಬಂದಾಗ, ಅರವತ್ತೈದು ದಾಟಿದ ಹೆಂಗಸು, ಕೆರೆ ಏರಿಯ ಮೇಲೆ ನಿಂತು ಸೀರೆಗೆ ಕಚ್ಚೆ ಹಾಕತೊಡಗಿದರು.

"ಏನ್ ಮಾಡ್ತಿದ್ದೀರ್ರೀ?"

"ಒಂದ್ ಸುತ್ತು ಈಜಿ ಬರ್ತೀನಿ."

"ಅಯ್ಯೋ, ಈಗ ಎಮ್ಮೆಗೋಳೇ ಇಳಿಯಾಕಿಲ್ಲ ಕಣ್ರೀ ಅದ್ರೊಳಕ್ಕೆ! ಸುತ್ತ ಕಂಪ್ನಿ ಕಿಟ್ಕಿಗೋಳಿಂದ ನೂರು ಜನ ನೋಡ್ತಾರೆ!"

"ನೋಡ್ಲಿ ಬಿಡ್ರಿ. ಪಾಪ, ಅವರಿಗೂ ಕೂತು ಕೂತು ಬ್ಯಾಸರಾಗಿರತೈತಿ."

ಕೈ ಹಿಡಿದು ಎಳೆದುಕೊಂಡು ಬಂದೆ. ನಾಚಿಕೆ ನನಗೆ, ಅವರಿಗಲ್ಲ!

ನಿಜ ಹೇಳಿಬಿಡುತ್ತೇನೆ, ನನಗೆ ಅವರ ಮೇಲೆ ಒಂದು ಸಣ್ಣ ಹೊಟ್ಟೆಕಿಚ್ಚೂ ಇತ್ತು. ನಾಲ್ಕು ವರ್ಷದ ಮೊಮ್ಮಗಳು ನಿದ್ದೆ ಬಂದರೆ ಅವರ ತೊಡೆಯನ್ನೇ ಹುಡುಕುತ್ತಾಳೆ. ನನ್ನ ತೊಡೆಗೆ ಏನಾಗಿದೆ? ಅದೂ ತೊಡೆಯೇ ಅಲ್ಲವೇ?

ಹೀಗಿರುವಾಗ ಆಯುಧಪೂಜೆ ಬಂತು. ಕಾರಿನ ಪೂಜೆ ನಮ್ಮೂರ ಕೆರೆಯ ಹತ್ತಿರವೇ ಆಗಬೇಕೆಂದು ನಾನೇ ಹಟ ಹಿಡಿದೆ. ಹಿಂದೆ ದನ ತೊಳೆಯಲು ಇಳಿಸುತ್ತಿದ್ದ ಇಳಿಜಾರಿದೆ, ಈಗ ಅಲ್ಲಿ ಊರಿನವರೆಲ್ಲ ಕಾರು ತೊಳೆಯುತ್ತಾರೆ. ಮಗಳು ಮನೆಯಲ್ಲಿ ಒಬ್ಬಟ್ಟಿಗೆ ಹೂರಣ ರುಬ್ಬುತ್ತಿದ್ದಳು. ನಾನು ತಟ್ಟೆ, ಹೂವು, ಕಾಯಿ ಹಿಡಿದು ಹೋಗುವಷ್ಟರಲ್ಲಿ ಅಳಿಯ ಕಾರು ತೊಳೆದು ಒರೆಸಿ ಮುಗಿಸಿದ್ದ. ಕಾರಿನ ಮೂತಿ ಏರಿಯ ಕಡೆಗೆ, ಬೆನ್ನು ನೀರಿನ ಕಡೆಗೆ. ಮುಂದಿನ ಸೀಟಿನಲ್ಲಿ ಬೀಗಿತ್ತಿ, ಅವರ ತೊಡೆಯ ಮೇಲೆ ನನ್ನ ಮೊಮ್ಮಗಳು. ಗಾಜು? ಇಳಿಸಿಯೇ ಇತ್ತು, ಕೇಳಬೇಕೆ!

ಗಾಳಿ ಬೀಸುತ್ತಿತ್ತು. ಅಳಿಯ ನಮ್ಮ ಕಡೆಗೆ ಬೆನ್ನು ಹಾಕಿ ಕುಕ್ಕರಗಾಲಿನಲ್ಲಿ ಕೂತು ಕರ್ಪೂರಕ್ಕೆ ಕಡ್ಡಿ ಗೀರುತ್ತಿದ್ದ. ಹತ್ತುವುದು, ಆರುವುದು. "ಅತ್ತಿ, ನೀವಾ ಕಾಯಿ ಒಡದುಬಿಡ್ರಿ, ಇದು ಹತ್ತವಲ್ದು" ಎಂದ.

ಒಡೆಯುವುದಕ್ಕೆ ಕಲ್ಲು ಬೇಡವೇ? ಆ ದಂಡೆಯಲ್ಲಿ ಬರೀ ಹುಲ್ಲು, ಕೆಸರು. ಒಂದು ಸುತ್ತು ಬಂದೆ. ಹಿಂದಿನ ಗಾಲಿಯ ಹತ್ತಿರ ಒಂದು ಕರಿಕಲ್ಲು ಇತ್ತು. ಎಷ್ಟು ಚೆಂದದ ಕಲ್ಲು ಅಂತೀರಿ! ಒಂದು ಕಡೆ ಮೊನಚು, ತೊಳೆದಿಟ್ಟ ಹಾಗೆ ಶುಭ್ರ. ಪರವಾಗಿಲ್ಲವೇ, ನಮ್ಮ ಅಳಿಯ ಕಾಯಿ ಒಡೆಯುವುದಕ್ಕೆ ಮೊದಲೇ ತಯಾರು ಮಾಡಿಟ್ಟಿದ್ದಾನೆ ಎಂದು ಮನಸ್ಸಿನಲ್ಲೇ ಹೊಗಳಿ ಎರಡೂ ಕೈಯಲ್ಲಿ ಎತ್ತಿಕೊಂಡೆ. ಮುಂದೆ ತಂದಿಟ್ಟೆ. ಕಣ್ಣು ಮುಚ್ಚಿ, ನನ್ನ ಮಕ್ಕಳು ಮರಿಗಳನ್ನು ಕಾಪಾಡಪ್ಪ ಎಂದು ಬೇಡಿಕೊಂಡು ಕಾಯಿಯನ್ನು ಕುಟ್ಟಿದೆ. ಒಂದೇ ಏಟು, ಸರಿಯಾಗಿ ಎರಡು ಹೋಳು!

ತಲೆ ಎತ್ತಿದೆ. ಕಾರಿಲ್ಲ!

ದೇವರಾಣೆ ಇಲ್ಲ! ನನ್ನ ಮುಂದೆ ಖಾಲಿ ಇಳಿಜಾರು. ಆ ತುದಿಯಲ್ಲಿ ಕಾರು ಹಿಮ್ಮುಖವಾಗಿ ಕೆರೆಯೊಳಕ್ಕೆ ಇಳಿಯುತ್ತಿದೆ, ಮೂತಿಯ ಮೇಲೆ ಚೆಂಡುಹೂವಿನ ಹಾರ ಹಾಕಿಕೊಂಡು, ನೆಂಟರ ಮನೆಗೆ ಹೊರಟ ಹಾಗೆ! ಕೂಗಲು ಬಾಯಿ ತೆರೆದರೆ ಗಾಳಿ ಬಂತು, ಸದ್ದು ಬರಲಿಲ್ಲ.

ಅಳಿಯ ತಿರುಗಿ ನೋಡಿ ಎದೆ ಎದೆ ಬಡಿದುಕೊಂಡ. "ಹ್ಯಾಂಡ್ ಬ್ರೇಕ್ ಸಡಲ ಐತಂತ ಗಾಲಿಗಿ ಕಲ್ಲು ಕೊಟ್ಟಿದ್ನೆಲ್ಲಾ! ಕಲ್ಲು ಕೊಟ್ಟಿದ್ನೆಲ್ಲಾ!"

ನಾನು ಕೆಳಗೆ ನೋಡಿದೆ. ಕಲ್ಲು ನನ್ನ ಕಾಲ ಹತ್ತಿರ ಕಾಯಿನೀರು ಸುರಿಸುತ್ತಾ ಕೂತಿತ್ತು.

ಅಲ್ಲಿ ನೀರು ಎರಡಾಳು ಆಳ. ಬೇಸಿಗೆಯಲ್ಲಿ ಯಾರೋ ಅಪಾರ್ಟ್‌ಮೆಂಟಿನವರು ಮಣ್ಣು ಅಗೆದುಕೊಂಡು ಹೋದ ಗುಂಡಿ. ಕಾರು ಒಂದು ಗಳಿಗೆ ಎಮ್ಮೆಯ ಹಾಗೆ ತೇಲಿತು. ಆಮೇಲೆ ಮೂತಿ ಮೆಲ್ಲಗೆ ಮುಳುಗತೊಡಗಿತು.

"ಯವ್ವಾ! ಬಾಗ್ಲಾ ತಗಿಬೇ! ಬಾಗ್ಲಾ ತಗಿ!" ಎಂದು ಈಜು ಬಾರದ ಅಳಿಯ ಮೊಣಕಾಲು ನೀರಿನಲ್ಲಿ ಕುಣಿಯುತ್ತಿದ್ದ.

ಕಾರಿನೊಳಗಿಂದ ದನಿ ಬಂತು, ಪಡಸಾಲೆಯಲ್ಲಿ ಕೂತು ಮಾತಾಡಿದ ಹಾಗೆ. "ಬಾಗ್ಲ ಬರೂದಿಲ್ಲೋ, ನೀರು ಒತ್ತಿ ಹಿಡದೈತಿ. ನೀ ಅಲ್ಲೇ ನಿಂದ್ರು! ನಿನ್ನೂ ಎತ್ತಿಕೊಂಡು ಬರಾಕ ನನಗ ಮೂರನೇ ಕೈ ಇಲ್ಲ!"

ಕಿಟಕಿಯಿಂದ ಮೊದಲು ಎರಡು ಪುಟ್ಟ ಕೈ ಬಂದವು. ಆಮೇಲೆ ಜಡೆ, ಜರಿ ಲಂಗ. "ಹತ್ತು ನನ್ನ ಬಂಗಾರ, ಮ್ಯಾಲ ಹತ್ತು, ಕುದುರಿ ಮ್ಯಾಲ ಕುಂತಂಗ ಕುಂದ್ರು" ಎಂದು ಕೆಳಗಿನಿಂದ ದಬ್ಬಿ ಮಗುವನ್ನು ಕಾರಿನ ನೆತ್ತಿಗೆ ಏರಿಸಿದರು. ಆಮೇಲೆ ಅವರ ಸರದಿ. ನಮ್ಮ ಬೀಗಿತ್ತಿ ಸಣ್ಣ ಆಳಲ್ಲ! ನಮ್ಮ ಮನೆಯ ಪ್ಲಾಸ್ಟಿಕ್ ಕುರ್ಚಿ ಎರಡು ಸಲ ಅವರಿಗೆ ಸೋತಿದೆ. ಆ ದೇಹ ಆ ಕಿಟಕಿಯಲ್ಲಿ ಹೇಗೆ ಬಂತು? ಕೆರೆಯ ಕಡೆಗೆ ಬೆನ್ನು ಮಾಡಿ, ಕಿಟಕಿಯ ಅಂಚಿನ ಮೇಲೆ ಕೂತು, ಮೇಲಿನ ಕಂಬಿ ಹಿಡಿದು, ಒಂದೊಂದೇ ಕಾಲು ಎಳೆದುಕೊಂಡರು. ಅಷ್ಟರಲ್ಲಿ ನೀರು ಕಿಟಕಿಯೊಳಗೆ ಗಳಗಳ ನುಗ್ಗುತ್ತಿತ್ತು. ಗಾಜು ಏರಿಸಿದ್ದಿದ್ದರೆ? ಅದನ್ನು ನಾನು ಯೋಚಿಸುವುದಿಲ್ಲ.

"ಕುತ್ತಿಗಿ ಗಟ್ಟಿ ಹಿಡಿ, ಬಾಯಿ ಮುಚ್ಚು. ಮಾತು ಆಮ್ಯಾಲ."

ಮಗುವನ್ನು ಬೆನ್ನಿಗೆ ಹಾಕಿಕೊಂಡು, ಜೊಂಡು ಸರಿಸುತ್ತಾ, ಉಸ್ ಉಸ್ ಎನ್ನುತ್ತಾ ಈಜಿಕೊಂಡು ಬಂದರು. ಅವರ ಹಿಂದೆ ಕಾರು ನಾಲ್ಕು ಗುಳ್ಳೆ ಬಿಟ್ಟು ಮಾಯವಾಯಿತು. ಹಾರ ಮಾತ್ರ ನೀರಿನ ಮೇಲೆ ಉಳಿಯಿತು.

ಮಗುವನ್ನು ಕಿತ್ತುಕೊಂಡು ಎದೆಗೆ ಒತ್ತಿಕೊಂಡೆ. ಮೂಗು ಮುಟ್ಟಿದೆ, ಬೆರಳು ಎಣಿಸಿದೆ, ಕಿವಿಯಲ್ಲಿ ಊದಿದೆ. ಅವಳು ನನ್ನ ಮುಖ ಸರಿಸಿ, "ಅಜ್ಜಿ, ಇನ್ನೊಂದ್ ಸಲ!" ಎಂದಳು!

ಬೀಗಿತ್ತಿ ಬಾಯಿಂದ ಜೊಂಡಿನ ಎಳೆ ಉಗಿದು, "ಏನು ನೀರ್ರೀ ಇದು! ಬಾಯ್ತುಂಬ ಸಾಬೂನದ ನೊರಿ!" ಎಂದು ಕೆರೆಯನ್ನು ಬೈದರು. ಊರಿನ ಜನ ಓಡಿ ಬಂದರು. ಆ ಗದ್ದಲದಲ್ಲಿ ನಾನು ಏನು ಮಾಡಿದೆ ಗೊತ್ತೇ? ಕಲ್ಲನ್ನು ಕಾಲಿನಿಂದ ಮೆಲ್ಲಗೆ ತಳ್ಳಿ ತಳ್ಳಿ ಜೊಂಡಿನೊಳಗೆ ಸೇರಿಸಿಬಿಟ್ಟೆ.

"ಕಲ್ಲು ಹೆಂಗ ಜರೀತು?" ಎಂದು ಅಳಿಯ ತಲೆ ಕೆರೆದುಕೊಳ್ಳುತ್ತಿದ್ದ. ಆಗ ಬೀಗಿತ್ತಿ ಸೆರಗು ಹಿಂಡುತ್ತಾ, "ನಂದ ತಪ್ಪಪ್ಪಾ. ಕೂತು ಬ್ಯಾಸರಾತು, ನಡುವಿನ ಆ ಹಿಡಿಕಿ ಮ್ಯಾಲ ಕೆಳಗ ಮಾಡಿದ್ನಿ" ಎಂದರು.

ಅಬ್ಬಾ, ಹಾಗಾದರೆ ನನ್ನ ಕಲ್ಲಿನದಲ್ಲ, ಇವರ ಹಿಡಿಕೆಯದೇ ಕೆಲಸ! ನಂಬಬೇಕು ಅನ್ನಿಸಿತು, ನಂಬಿದೆ.

ಮಗಳು ಹೂರಣದ ಕೈಯಲ್ಲೇ ಓಡಿ ಬಂದು ಅತ್ತೆಗೆ ಆಡಿದ ಮಾತು ಬರೆಯಲಾರೆ. ಅಂದಿನಿಂದ ಮನೆಯಲ್ಲಿ ಹೊಸ ಕಾನೂನು. ಮಗುವನ್ನು ಅತ್ತೆಯ ಕೈಗೆ ಒಂಟಿಯಾಗಿ ಕೊಡುವಂತಿಲ್ಲ, ಅಂಗಡಿಗೂ ಇಲ್ಲ, ಟೆರೇಸಿಗೂ ಇಲ್ಲ. ಮಲಗುವಾಗಲೂ ಮಗಳೇ ಎತ್ತಿಕೊಂಡು ಹೋಗುತ್ತಾಳಂತೆ. ಬೀಗಿತ್ತಿ ಸುಮ್ಮನೆ ನೋಡುತ್ತಾರಂತೆ. ಫೋನಿನಲ್ಲಿ ಇದನ್ನು ಕೇಳಿ ನಾಲ್ಕು ದಿನ ನನಗೆ ಅನ್ನ ಇಳಿಯಲಿಲ್ಲ. ಐದನೇ ದಿನ ಬಸ್ಸು ಹತ್ತಿ ರಾಜಗೋಪಾಲನಗರಕ್ಕೆ ಹೋದೆ.

ಮಗಳು ಮಗುವನ್ನು ಒಳಗೆ ಮಲಗಿಸುತ್ತಿದ್ದಳು. ಬೀಗಿತ್ತಿ ಚಾಪೆಯ ಮೇಲೆ ಖಾಲಿ ಕೈಯಲ್ಲಿ ಕೂತಿದ್ದರು. ಪಕ್ಕದಲ್ಲಿ ಕೂತು ಪಿಸುಗುಟ್ಟಿದೆ. "ಬೀಗಿತ್ತಮ್ಮಾ, ಆ ಕಲ್ಲು ತೆಗ್ದಿದ್ದು ನಾನು ಕಣ್ರೀ."

"ಗೊತ್ತೈತಿ."

"ಯಂಗೆ?"

"ನೀವು ಬಗ್ಗಿದ್ದು ಹೊರಗಿನ ಕನ್ನಡ್ಯಾಗ ಕಾಣತಿತ್ತು. ಕಾಯಿಗೆ ಛಲೋ ಕಲ್ಲು ಹುಡುಕ್ಯಾರ ಅಂದ್ಕೊಂಡ್ನಿ. ನನಗೂ ತಿಳೀಲಿಲ್ಲ."

"ಮತ್ತೆ ಹಿಡಿಕೆ?"

"ನಾ ಯಾವ ಹಿಡಿಕಿ ಮುಟ್ಟೀನಿ ಬಿಡ್ರಿ" ಎಂದು ನಕ್ಕರು. "ನಿಮ್ಮ ಮಗಳು ನಿಮ್ಮ ಮ್ಯಾಲ ಸಿಟ್ಟಾದ್ರ ನಿಮಗ ತಡಕೊಳ್ಳಾಕ ಆಗೂದಿಲ್ಲ. ನನ್ನ ಮ್ಯಾಲ ದಿನಾ ಆಗತಾಳ, ನನಗ ರೂಢಿ ಐತಿ. ನೀವು ಹೇಳಬ್ಯಾಡ್ರಿ ಮತ್ತ."

ಆದರೂ ಮಗಳನ್ನು ಕೂಗಿದೆ. ಮಲಗಿದ ಮಗುವನ್ನು ಹೆಗಲಿಗೆ ಹಾಕಿಕೊಂಡೇ ಹೊರಗೆ ಬಂದಳು. ಎಲ್ಲವನ್ನೂ ಹೇಳಿದೆ, ಕಲ್ಲು ತೆಗೆದದ್ದು, ಕಾಲಿನಿಂದ ತಳ್ಳಿದ್ದು, ಎಲ್ಲ. ಅವಳು ನನ್ನನ್ನು ನೋಡಿದಳು. ಅತ್ತೆಯನ್ನು ನೋಡಿದಳು. ಬಗ್ಗಿ ಮಗುವನ್ನು ಅತ್ತೆಯ ತೊಡೆಯ ಮೇಲೆ ಮಲಗಿಸಿ, ಕಣ್ಣು ಒರೆಸಿಕೊಳ್ಳುತ್ತಾ ಒಳಗೆ ಹೋದಳು.

ನಾನು ತಲೆ ತಗ್ಗಿಸಿ ಕೂತೆ. ಬೀಗಿತ್ತಿ ಒಂದು ಕೈಯಿಂದ ಮಗುವಿನ ತಲೆ ಹಿಡಿದು, ಇನ್ನೊಂದು ಕೈಯಿಂದ ಅವಳ ಎರಡೂ ಕಾಲುಗಳನ್ನು ಸದ್ದಿಲ್ಲದೆ ಎತ್ತಿ ನನ್ನ ತೊಡೆಯ ಮೇಲಿಟ್ಟರು.