ಗುಲಾಬಿ ಚೌಕದ ನಲವತ್ತು

ಎಲಿಸ್ ಓಲ್ಡ್‌ರಾಯ್ಡ್ ಶನಿವಾರ ಸಂಜೆ ಐದು ಗಂಟೆಗೆ, ಥರ್ಸ್ಕ್ ಊರಿನ ತನ್ನ ಮನೆಯಲ್ಲಿ, ತನ್ನ ಕುರ್ಚಿಯಲ್ಲೇ ತೀರಿಕೊಂಡ. ವಯಸ್ಸು ಎಪ್ಪತ್ತೊಂದು. ಹೃದಯ ಎರಡು ವರ್ಷದಿಂದ ನೋಟಿಸು ಕೊಡುತ್ತಲೇ ಇತ್ತು ಎಂದರು ಡಾಕ್ಟರು. ಆ ಮಧ್ಯಾಹ್ನ ಅವನ ಜತೆಗಿದ್ದವರು ಹೆಂಡತಿ ವಿನಿ ಮತ್ತು ಗೆಳೆಯ ಸೆಡ್ರಿಕ್. ರೈಲ್ವೆಯ ಒಂದೇ ಸಿಗ್ನಲ್ ಮನೆಯಲ್ಲಿ ಎಲಿಸ್ ಮತ್ತು ಸೆಡ್ರಿಕ್ ಮೂವತ್ತು ವರ್ಷ ಪಾಳಿ ಬದಲಿಸಿಕೊಂಡವರು. ಆ ಮಧ್ಯಾಹ್ನ ನೆನಪಾದರೆ ಸೆಡ್ರಿಕ್‌ಗೆ ಈಗಲೂ ಮೊದಲು ಬರುವುದು ನಗು. ನಕ್ಕ ಮೇಲೆ ಸ್ವಲ್ಪ ಹೊತ್ತು ಕಿಟಕಿಯ ಕಡೆ ಮುಖ ಮಾಡಿ ಕೂರಬೇಕಾಗುತ್ತದೆ.

ಅಂದು ನ್ಯಾಷನಲ್ ರೇಸು, ಬೇಲಿ ಹಾರುವ ಕುದುರೆಗಳ ಇಂಗ್ಲೆಂಡಿನ ಅತಿ ದೊಡ್ಡ ಓಟ. ವರ್ಷವಿಡೀ ಕುದುರೆಯ ಮುಖ ನೋಡದವರೂ ಅಂದು ಎರಡು ಪೌಂಡ್ ಕಟ್ಟುತ್ತಾರೆ. ವಿನಿಯ ಕ್ರಮ ನಲವತ್ತು ವರ್ಷದಿಂದ ಒಂದೇ: ಬೂದು ಬಣ್ಣದ ಕುದುರೆ ಹುಡುಕುವುದು, ಒಂದು ಪೌಂಡ್ ಅದು ಗೆಲ್ಲುವುದಕ್ಕೆ, ಇನ್ನೊಂದು ಪೌಂಡ್ ಮೊದಲ ನಾಲ್ಕರೊಳಗೆ ಬರುವುದಕ್ಕೆ. ಈ ಸಲದ ಬೂದು ಕುದುರೆ ಟ್ಯಾನ್ಸಿ ಎಂಬ ಹೆಣ್ಣು ಕುದುರೆ. ಬಾಜಿ ಅಂಗಡಿಯಲ್ಲಿ ಅದರ ದರ ಒಂದಕ್ಕೆ ಮೂವತ್ಮೂರು; ಗೆಲ್ಲದೆ ಮೊದಲ ನಾಲ್ಕರೊಳಗೆ ಬಂದರೆ ಅದರ ಕಾಲು ಭಾಗ.

"ಇನ್ನು ಮುಂದೆ ಈ ಮನೆಯ ಒಂದು ಪೆನ್ನಿಯೂ ಬಾಜಿ ಅಂಗಡಿಗೆ ಹೋಗೋದಿಲ್ಲ!" ಎಂದು ಎಲಿಸ್ ಘೋಷಿಸಿದ. ಸಾಮ್ರಾಟನೊಬ್ಬ ಕಪ್ಪ ಕೊಡುವುದನ್ನು ನಿಲ್ಲಿಸಿದ ಹಾಗಿತ್ತು ಆ ಧ್ವನಿ.

"ಮತ್ತೆಲ್ಲಿಗೆ ಹೋಗುತ್ತೆ?" ಎಂದಳು ವಿನಿ.

"ಎಕ್ಸ್‌ಚೇಂಜಿಗೆ! ಕಂಪ್ಯೂಟರಿನಲ್ಲೇ ಜನ ಜನರ ನಡುವೆ ಬಾಜಿ ಕಟ್ಟೋ ಕಡೆ. ಅಂಗಡೀಲಿ ಎದುರಿಗಿರೋನು ಬುಕ್ಕಿ. ಅವನು ದರ ಇಳಿಸಿ ತನ್ನ ಹೊಟ್ಟೆ ತುಂಬಿಸ್ಕೋತಾನೆ. ಇಲ್ಲಿ ಎದುರಿಗಿರೋನೂ ನಮ್ಮಂಥ ಒಬ್ಬ ಬಡಪಾಯಿ. ನಾನು ಗೆಲ್ಲುತ್ತೆ ಅಂತೀನಿ, ಅವನು ಗೆಲ್ಲಲ್ಲ ಅಂತಾನೆ. ನಡುವೆ ದಲ್ಲಾಳಿಗೆ ನೂರಕ್ಕೆ ಐದು. ಅಷ್ಟೇ!"

"ಅಷ್ಟೇ ಆದ್ರೆ ಸರಿ. ನನ್ನ ಎರಡು ಪೌಂಡ್ ಹುಷಾರು," ಎಂದು ಎರಡು ನಾಣ್ಯ ಅವನ ಕೈಗಿಟ್ಟು ವಿನಿ ಅಡುಗೆಮನೆಗೆ ಹೋದಳು.

ಎಲಿಸ್ ಕಂಪ್ಯೂಟರಿನ ಮುಂದೆ ಕೂತ, ಪಕ್ಕದಲ್ಲಿ ಸೆಡ್ರಿಕ್. ಟ್ಯಾನ್ಸಿಯ ಹೆಸರಿನ ಎದುರು ಎರಡು ಚೌಕ. ನೀಲಿ ಚೌಕದಲ್ಲಿ ಮೂವತ್ತಾರು, ಗುಲಾಬಿ ಚೌಕದಲ್ಲಿ ನಲವತ್ತು.

"ಇದು ನಲವತ್ತು, ಅದು ಮೂವತ್ತಾರು. ಯಾವನಾದ್ರೂ ಮೂವತ್ತಾರು ಒತ್ತುತ್ತಾನೇನೋ?" ಎಂದವನೇ ಗುಲಾಬಿ ಒತ್ತಿದ. ಎರಡು ಪೌಂಡ್ ತುಂಬಿದ. ನಲವತ್ತು ಪಟ್ಟಿನಲ್ಲಿ ಕಟ್ಟಿದ ಎರಡು ಕಳೆದು, ಪಕ್ಕದಲ್ಲಿ ಎಪ್ಪತ್ತೆಂಟು ಎಂಬ ಅಂಕಿ ಮೂಡಿತು. "ನೋಡಿದ್ಯಾ! ವಿನಿಗೆ ಎಪ್ಪತ್ತೆಂಟು!" ಆಸೆ ಕೆರಳಿತು. ತನ್ನದೂ ಇರಲಿ ಎಂದು ಅದೇ ಚೌಕಕ್ಕೆ ಇನ್ನೂ ಹದಿನೆಂಟು ಸುರಿದ. ಅಂಕಿ ಏಳುನೂರ ಎಂಬತ್ತಕ್ಕೆ ನೆಗೆಯಿತು.

ಸೆಡ್ರಿಕ್ ಕನ್ನಡಕ ಹಾಕಿಕೊಂಡು ಬಗ್ಗಿದ. ಸಿಗ್ನಲ್ ಮನೆಯಲ್ಲಿ ಕೆಂಪನ್ನು ಕಡೆಗಣಿಸದ ಮನುಷ್ಯ ಅವನು.

"ಲೋ ಎಲಿಸ್, ಆ ಏಳುನೂರ ಎಂಬತ್ತು ಯಾಕೋ ಕೆಂಪಗಿದೆ?"

"ಎದ್ದು ಕಾಣಲಿ ಅಂತ."

"ಹಿಂದೆ ಮೈನಸ್ ಇದೆಯಲ್ಲೋ. ಬೇರೆ ಕುದುರೆಗಳ ಮುಂದೆಲ್ಲ ಪ್ಲಸ್ ಇಪ್ಪತ್ತು ಅಂತಿದೆ. ಗುಲಾಬಿ ಅಂದ್ರೆ ಗೆಲ್ಲಲ್ಲ ಅನ್ನೋರ ಚೌಕ ಕಣೋ! ಯಾರೋ ನಿನ್ನ ಹತ್ರ ಇಪ್ಪತ್ತು ಪೌಂಡ್ ಕಟ್ಟಿದಾನೆ. ಟ್ಯಾನ್ಸಿ ಗೆದ್ರೆ ಅವನಿಗೆ ಏಳುನೂರ ಎಂಬತ್ತು ಕೊಡೋನು ನೀನು. ಬುಕ್ಕಿ ಆಗಿದೀಯ ಮಾರಾಯ!"

ಎಲಿಸ್‌ನ ಮುಖ ಬಿಳಿಚಿಕೊಂಡಿತು. "ನಾರ್ವೆ," ಎಂದ ಮೆಲ್ಲಗೆ.

"ನಾರ್ವೆಗೂ ಇದಕ್ಕೂ ಏನು?"

"ಖಾತೆ ಬಡವಾಗಿ ಕಾಣಬಾರದು ಅಂತ ನಾರ್ವೆ ದುಡ್ಡು ಎಂಟುನೂರನ್ನೂ ಅದಕ್ಕೇ ಹಾಕಿದೀನಿ. ಸೋಮವಾರ ಹಡಗಿನೋರಿಗೆ ಕಟ್ಟಬೇಕು. ವಿನಿಗೆ ಗೊತ್ತಿಲ್ಲ."

ನಾರ್ವೆಗೆ ಹೋಗುವ ಆ ಹಡಗಿನ ಪ್ರವಾಸಕ್ಕಾಗಿ ವಿನಿ ಆರು ವರ್ಷ ಶಾಲೆಯ ಅಡುಗೆಮನೆಯಲ್ಲಿ ಹೆಚ್ಚಿನ ಪಾಳಿ ಮಾಡಿದ್ದಳು.

"ಹೆದರ್ಬೇಡ. ಏಳುನೂರ ಎಂಬತ್ತು ಒತ್ತೆ ಹಿಡಿದ್ರೂ ಖಾತೇಲಿ ಇನ್ನೂ ಇಪ್ಪತ್ತಿದೆ. ನೀಲಿ ಒತ್ತಿ, ಗೆಲ್ಲುತ್ತೆ ಅಂತ ಅದನ್ನ ಕಟ್ಟಿಬಿಡು. ಅಲ್ಲಿ ಹೋಗಿದ್ದು ಹೆಚ್ಚುಕಮ್ಮಿ ಇಲ್ಲಿ ಬರುತ್ತೆ."

ಎಲಿಸ್ ನೀಲಿ ಚೌಕಕ್ಕೆ ಗುರಿಯಿಟ್ಟು ಬೆರಳೆತ್ತಿದ. ಪರದೆ ಕಪ್ಪಾಯಿತು.

ಹಿಂದೆ ವಿನಿ ನಿಂತಿದ್ದಳು. ಒಂದು ಕೈಯಲ್ಲಿ ಕಂಪ್ಯೂಟರಿನ ಪ್ಲಗ್ಗು, ಇನ್ನೊಂದರಲ್ಲಿ ಕೆಟಲ್.

"ಅಯ್ಯೋ, ಏನೇ ಮಾಡ್ದೆ!"

"ಚಹಾ. ಅಡುಗೆಮನೆ ಸಾಕೆಟ್ ಸುಟ್ಟು ಒಂದು ವಾರ ಆಯ್ತು. ನಾಳೆ ರಿಪೇರಿ ಮಾಡ್ತೀನಿ ಅಂತ ಏಳು ಸಲ ಹೇಳಿದೀಯ."

ಆ ಕಂಪ್ಯೂಟರ್ ಮತ್ತೆ ಎಚ್ಚರಗೊಳ್ಳಲು ಹನ್ನೆರಡು ನಿಮಿಷ ಬೇಕು. ರೇಸು ಹತ್ತು ನಿಮಿಷದ್ದು. ಟೀವಿಯಲ್ಲಿ ಕುದುರೆಗಳು ಆಗಲೇ ಸಾಲುಗಟ್ಟಿದ್ದವು.

ನಲವತ್ತು ಕುದುರೆ, ಮೂವತ್ತು ಬೇಲಿ. ಹೆಚ್ಚುಕಮ್ಮಿ ಬೇಲಿಗೊಬ್ಬ ಸವಾರ ನೆಲ ಸೇರಿದ. ಟ್ಯಾನ್ಸಿ ಮಾತ್ರ ಮನೆಯ ಹೊಸಿಲು ದಾಟಿದಷ್ಟು ಸಲೀಸಾಗಿ ಹಾರುತ್ತಿತ್ತು. ಪ್ರತಿ ಬೇಲಿಗೂ ಎಲಿಸ್ ಉಸಿರು ಬಿಗಿಹಿಡಿದ. ಪ್ರತಿ ಬೇಲಿಗೂ ವಿನಿ ಚಪ್ಪಾಳೆ ತಟ್ಟಿದಳು. ಕೊನೆಯ ಬೇಲಿ ದಾಟಿದಾಗ ಟ್ಯಾನ್ಸಿ ಎಲ್ಲರಿಗಿಂತ ಮುಂದಿತ್ತು.

ವಿನಿ ಎದ್ದು ನಿಂತಳು. ನಲವತ್ತು ವರ್ಷದಲ್ಲಿ ಅವಳ ಬೂದು ಕುದುರೆ ಒಂದೂ ಗೆದ್ದಿರಲಿಲ್ಲ. ಕೈಯೊರಸುವ ಬಟ್ಟೆಯನ್ನು ಬಾವುಟದಂತೆ ಬೀಸುತ್ತಾ ಕೂಗಿದಳು. ಎಲಿಸ್ ಒಮ್ಮೆ ಟೀವಿ ನೋಡಿದ, ಒಮ್ಮೆ ಅವಳನ್ನು ನೋಡಿದ. ಆಮೇಲೆ ಅವನೂ ಎದ್ದ.

"ಓಡೇ ಟ್ಯಾನ್ಸಿ! ಓಡು ನನ್ನ ತಾಯಿ!"

ಸೆಡ್ರಿಕ್ ಅವನ ಅಂಗಿ ಜಗ್ಗಿದ. "ತಲೆ ಕೆಟ್ಟಿದೆಯೇನೋ? ನಾರ್ವೆ ಮುಳುಗುತ್ತೆ!"

"ಮುಳುಗಲಿ ಬಿಡೋ. ಅವಳ ಮುಖ ನೋಡು."

ಗೆರೆ ಹತ್ತಿರವಾದಾಗ ಕಂದು ಕುದುರೆಯೊಂದು ಪಕ್ಕದಿಂದ ನುಗ್ಗಿ ಬಂತು. ಟ್ಯಾನ್ಸಿ ಒಂದು ಕತ್ತಿನಷ್ಟು ಹಿಂದೆ ಬಿದ್ದು ಎರಡನೆಯದಾಯಿತು. ಎಲಿಸ್ ಕುರ್ಚಿಗೆ ಕುಸಿದ. ಬೇಸರವೋ ನೆಮ್ಮದಿಯೋ, ಸೆಡ್ರಿಕ್‌ಗೆ ಕೊನೆಗೂ ತಿಳಿಯಲಿಲ್ಲ.

ಕಂಪ್ಯೂಟರ್ ಆಗ ಕಣ್ಣು ಬಿಟ್ಟಿತು. ನಾರ್ವೆ ಪೂರ್ತಿ ಭದ್ರ. ದಲ್ಲಾಳಿಯ ಪಾಲು ಕಳೆದು ಮೇಲೆ ಹತ್ತೊಂಬತ್ತು ಪೌಂಡ್ ಲಾಭ! ಎಲಿಸ್‌ನ ಎದೆ ಮತ್ತೆ ಉಬ್ಬಿತು. "ಲೆಕ್ಕ ಗೊತ್ತಿರೋನಿಗೆ ಭಯ ಇಲ್ಲ," ಎಂದ.

"ಹಾಗಾದ್ರೆ ಕೊಡು, ಒಂಬತ್ತು ಪೌಂಡ್ ಇಪ್ಪತ್ತೈದು ಪೆನ್ಸ್," ಎಂದಳು ವಿನಿ.

"ಯಾವುದು?"

"ಎರಡನೇದಾಗಿ ಬಂತಲ್ಲ. ಮೂವತ್ಮೂರರ ಕಾಲು ಭಾಗ ಎಂಟೂ ಕಾಲು. ನನ್ನ ಪೌಂಡ್ ವಾಪಸ್ಸು. ಒಂಬತ್ತೂ ಕಾಲು."

ಎಲಿಸ್ ತಡವರಿಸಿದ. ಗುಲಾಬಿ ಚೌಕ, ಮೈನಸ್ಸು, ಎಂಟುನೂರು ಎಲ್ಲವೂ ಒಂದೊಂದಾಗಿ ಬಾಯಿಂದ ಹೊರಬಿದ್ದವು. ವಿನಿ ಕೆಟಲ್ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡಳು.

"ನನ್ನ ನಾರ್ವೆಯನ್ನ ನನ್ನ ಕುದುರೆ ಮೇಲೇ ಛೂ ಬಿಟ್ಟಿದ್ದೆ ಅನ್ನು. ಅದರ ವಿಚಾರಣೆ ನಾಳೆ. ಈಗ ಹೇಳು, ನನ್ನ ಎರಡು ಪೌಂಡ್ ಇಸ್ಕೊಂಡು ಜೇಬಿಗೆ ಹಾಕ್ಕೊಂಡೋನು ಯಾರು?"

"ನಾನೇ."

"ಅಂದ್ಮೇಲೆ ಬುಕ್ಕಿ ನೀನೇ. ಬುಕ್ಕಿ ಕುಂಟುನೆಪ ಹೇಳಲ್ಲ, ದುಡ್ಡು ಎಣಿಸ್ತಾನೆ. ತೆಗಿ!"

ಸೆಡ್ರಿಕ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಎಲಿಸ್ ಜೇಬಿನಿಂದ ಹತ್ತು ಪೌಂಡಿನ ನೋಟು ತೆಗೆದು, ಎರಡೂ ಕೈಯಿಂದ ಹೆಂಡತಿಗೆ ಒಪ್ಪಿಸಿದ. ವಿನಿ ನೋಟನ್ನು ಬೆಳಕಿಗೆ ಹಿಡಿದು ನೋಡಿ, ಮಡಿಸಿ, ಏಪ್ರನ್ನಿಗೆ ಸೇರಿಸಿ ಹೊರಟಳು.

"ಏ ವಿನಿ, ಚಿಲ್ಲರೆ! ಎಪ್ಪತ್ತೈದು ಪೆನ್ಸ್ ಬರಬೇಕು," ಎಂದ ಎಲಿಸ್.

"ತರ್ತೀನಿ ಇರು, ಜಿಪುಣ ಬುಕ್ಕಿ," ಎಂದು ಅವಳು ನಗುತ್ತಾ ಒಳಗೆ ಹೋದಳು.

ಐದು ಗಂಟೆಗೆ ಇನ್ನೊಂದು ನಿಮಿಷವಿತ್ತು. ಎಲಿಸ್ ಕುರ್ಚಿಗೆ ಒರಗಿ, ಸೆಡ್ರಿಕ್‌ನ ಕಡೆ ನೋಡಿ ಕಣ್ಣು ಮಿಟುಕಿಸಿ, ಚಿಲ್ಲರೆಗಾಗಿ ಅಂಗೈ ಚಾಚಿದ.