ಅರವತ್ತೆರಡಕ್ಕೆ ನಿಂತ ಸವತಿ

ನಮ್ಮ ಮನೆಯಲ್ಲಿ ಜಗಳ ಹುಟ್ಟುವುದು ಭಾನುವಾರವೇ. ಕಾರಣವೂ ಒಂದೇ: ಇಂದಿರಾನಗರದ ಆಫೀಸಿನಲ್ಲಿ ತಣ್ಣಗೆ ಏಸಿ ಹಾಕಿಸಿಕೊಂಡು ಕೂತಿರುವ ನನ್ನ ಸವತಿ. ಅವಳ ಹೆಸರು ಸರ್ವರ್, ಆಫೀಸಿನ ದೊಡ್ಡ ಕಂಪ್ಯೂಟರು. ಕಂಪನಿಯ ಲೆಕ್ಕ ಪತ್ರ, ಗಿರಾಕಿಗಳ ವಿಳಾಸ, ಎಲ್ಲ ಅವಳ ಹೊಟ್ಟೆಯಲ್ಲೇ. ವಾರವೆಲ್ಲ ಜನ ಅವಳನ್ನು ಬಳಸುತ್ತಾರಂತೆ, ಹಾಗಾಗಿ ದೊಡ್ಡ ಕೆಲಸಗಳೆಲ್ಲ ಭಾನುವಾರ. ಕೆಲಸ ಅವಳೇ ಮಾಡಿಕೊಳ್ಳುತ್ತಾಳೆ. ನಮ್ಮ ಯಜಮಾನರು ಎದುರಿಗೆ ಕೂತು, ಶೇಕಡಾ ಎಷ್ಟು ಮುಗಿಯಿತು ಅಂತ ನೋಡಬೇಕು. ಅದಕ್ಕೆ ಸಂಬಳ.

ಹೆರಿಗೆ ವಾರ್ಡಿನಲ್ಲಿ

ಊಟಕ್ಕೆ ಮನೆಗೆ ಬಂದು ಕೂತಾಗಲೂ ಆಫೀಸಿನ ಹುಡುಗನಿಗೆ ಫೋನ್. "ಎಷ್ಟಾಯ್ತು? ನಲವತ್ತಾ? ಭೇಷ್!" ಎದುರಿಗಿದ್ದ ನನ್ನ ಹುಳಿಗೆ ಒಂದು ದಿನವೂ ಭೇಷ್ ಅಂದವರಲ್ಲ.

ಮಗಳು ಹುಟ್ಟುವ ದಿನ ನಾನು ಆಸ್ಪತ್ರೆಯಲ್ಲಿ ಒದ್ದಾಡುತ್ತಿದ್ದೆ. ಇವರು ಬಾಗಿಲಲ್ಲಿ ನರ್ಸಮ್ಮನನ್ನು ತಡೆದು ಕೇಳಿದರು: "ಸಿಸ್ಟರ್, ಎಷ್ಟು ಪರ್ಸೆಂಟ್ ಆಗಿದೆ?"

ಆಕೆ ಕನ್ನಡಕದ ಮೇಲಿಂದ ನೋಡಿ, "ತಲೆ ಬಂದಿದೆ ಸಾರ್. ಉಳಿದಿದ್ದು ನೀವೇ ಲೆಕ್ಕ ಹಾಕ್ಕೊಳ್ಳಿ" ಅಂದಳು.

ಅಂಥ ಹೊತ್ತಿನಲ್ಲೂ ನನ್ನನ್ನು ಆ ಸವತಿಯ ಅಳತೆಯಲ್ಲೇ ಅಳೆದರು ನೋಡಿ, ಹೊಟ್ಟೆ ಉರಿಯದೆ ಇರುತ್ತದೆಯೇ?

ಬಾಡಿದ ಮಲ್ಲಿಗೆ

ತಂಗಿಯ ನಿಶ್ಚಿತಾರ್ಥ ಹತ್ತಿರ ಬಂತು. ನನ್ನ ಓರಗಿತ್ತಿ ಆಗಲೇ ರೇಷ್ಮೆ ಸೀರೆ ತೆಗೆದುಕೊಂಡು, ಬೀದಿಯವರಿಗೆಲ್ಲ ಸೆರಗು ತೋರಿಸಿ ಮುಗಿಸಿದ್ದಳು. ನನಗೂ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಕೊಡಿಸುವುದಾಗಿ ಇವರು ಮಾತು ಕೊಟ್ಟರು. ಎರಡು ಭಾನುವಾರ ಸವತಿಯ ಪಾಲಾಯಿತು. ಮೂರನೆಯ ಭಾನುವಾರ ಹನ್ನೊಂದಕ್ಕೆ ಫೋನ್: "ತೊಂಬತ್ತೊಂಬತ್ತು ಆಯ್ತು ಕಣೇ, ರೆಡಿಯಾಗಿರು."

ಮಗುವಿಗೆ ಹೊಸ ಫ್ರಾಕ್ ಹಾಕಿ, ಮಲ್ಲಿಗೆ ಮುಡಿದು, ಹಲಸೂರಿನ ನಮ್ಮ ವಠಾರದ ಗೇಟಿನಲ್ಲಿ ನಿಂತೆ. ಹನ್ನೆರಡಕ್ಕೂ ತೊಂಬತ್ತೊಂಬತ್ತು. ಎರಡಕ್ಕೂ ತೊಂಬತ್ತೊಂಬತ್ತು. ಮಗು ಮೂರು ಫ್ರಾಕ್ ಒದ್ದೆ ಮಾಡಿತು. ಆ ಕೊನೆಯ ಒಂದಕ್ಕೆ ಹಿಂದಿನ ತೊಂಬತ್ತೊಂಬತ್ತಕ್ಕಿಂತ ಜಾಸ್ತಿ ಹೊತ್ತು ಬೇಕು ಅಂತ ನನಗೆ ತಿಳಿದದ್ದು ಅವತ್ತು.

ನಾಲ್ಕು ಗಂಟೆಗೆ ಓನರಮ್ಮ ಜಗಲಿಗೆ ಬಂದು, ನನ್ನ ಬಾಡಿದ ಹೂವು ನೋಡಿ ಕೇಳಿದರು: "ಆಗಲೇ ವಾಪಸ್ ಬಂದ್ಬಿಟ್ರಾ? ಎಲ್ಲಮ್ಮಾ ಸೀರೆ?"

ಬಚ್ಚಲಿನ ಬುದ್ಧಿ

ನಿಶ್ಚಿತಾರ್ಥಕ್ಕೆ ಉಳಿದದ್ದು ಒಂದೇ ಭಾನುವಾರ. ಈ ಸಲ ಮಗುವನ್ನು ಎತ್ತಿಕೊಂಡು ಸೀದಾ ಆಫೀಸಿಗೇ ಹೋದೆ. ಸವತಿಯ ಮುಖವನ್ನಾದರೂ ನೋಡೋಣ ಅಂತ.

ಪರದೆಯ ಮೇಲೆ ಅರವತ್ತೆರಡು. ಅರ್ಧ ಗಂಟೆ ಕೂತೆ. ಅರವತ್ತೆರಡೇ. ಸಾಹೇಬರು ಮನೆಯಿಂದ ಫೋನ್ ಮಾಡಿದಾಗಲೆಲ್ಲ ಇವರು, "ನಡೀತಿದೆ ಸಾರ್, ನಡೀತಿದೆ."

"ಎಲ್ರೀ ನಡೀತಿದೆ? ನಿಂತಿದೆ!"

"ನೀನು ಎಸ್ಸೆಸ್ಸೆಲ್ಸಿ. ಸುಮ್ನೆ ಕೂತ್ಕೋ."

"ಎಸ್ಸೆಸ್ಸೆಲ್ಸಿಯವರಿಗೂ ಅರವತ್ಮೂರು ಎಣಿಸೋಕೆ ಬರುತ್ತೆ."

ಮುಖ ಗಂಟಿಕ್ಕಿ ಇನ್ನೊಂದು ಪಟ್ಟಿ ತೆಗೆದರು. ಒಳಗೆ ನಡೆಯುತ್ತಿರುವ ಕೆಲಸಗಳು ಸಾಲಿಗೊಂದರಂತೆ, ಒಂದೊಂದಕ್ಕೂ ಒಂದು ನಂಬರ್. ನಮ್ಮ ಕೆಲಸ ಐವತ್ತೊಂದನೇ ನಂಬರಿಗಾಗಿ ಕಾಯುತ್ತಿತ್ತು. ಐವತ್ತೊಂದು ಏನೋ ಹಿಡಿದುಕೊಂಡಿದೆ, ಅದು ಬಿಡುವವರೆಗೂ ನಮ್ಮದು ಮುಂದೆ ಹೋಗುವುದಿಲ್ಲ ಅಂದರು.

ನನಗೆ ತಟ್ಟನೆ ಅರ್ಥವಾಯಿತು. ನಮ್ಮ ವಠಾರದಲ್ಲಿ ಆರು ಮನೆಗೆ ಒಂದೇ ಬಚ್ಚಲು. "ಹೊರಗೆ ನಿಂತೋರನ್ನ ನೋಡ್ತಾ ಕೂತ್ರೆ ಏನು ಬಂತು? ಒಳಗೆ ಯಾರಿದಾರೆ ಅಂತ ನೋಡಿ!"

"ಯಾವನೋ ಬೇಜವಾಬ್ದಾರಿ" ಅಂದವರೇ ಜೊತೆಯಲ್ಲಿ ಕೆಲಸ ಮಾಡುವ ನಾಲ್ಕು ಜನರ ಮನೆಗೆ ಫೋನ್ ಮಾಡಿ ಬೈದರು. ಒಬ್ಬರು ಊಟ ಬಿಟ್ಟೆದ್ದು ಬಂದು ಬೈಸಿಕೊಂಡರಂತೆ. ಅಷ್ಟರಲ್ಲಿ ನಾನು ಪಟ್ಟಿ ಓದುತ್ತಿದ್ದೆ. ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೆ ಗಂಡನ ಹೆಸರು ಯಾವ ಭಾಷೆಯಲ್ಲಿದ್ದರೂ ಗುರುತು ಸಿಗುತ್ತದೆ.

"ರೀ, ಐವತ್ತೊಂದರ ಮುಂದೆ ನಿಮ್ಮ ಹೆಸರೇ ಇದೆಯಲ್ಲಾ?"

ಬೆಳಿಗ್ಗೆ ಬಂದವರು ಕಂಪ್ಯೂಟರಿನಲ್ಲಿ ಇನ್ನೊಂದು ಕಿಟಕಿ ತೆರೆದು, ಚಿಕ್ಕದೊಂದು ತಿದ್ದುಪಡಿ ಶುರುಮಾಡಿ, ಮುಗಿಸದೆ ಕಾಫಿಗೆ ಹೋಗಿದ್ದರು. ಆ ಕಿಟಕಿ ಪರದೆಯ ಕೆಳತುದಿಯಲ್ಲಿ ಸಣ್ಣದಾಗಿ ಅವಿತು ಕೂತಿತ್ತು. ಮೂರು ಗಂಟೆ ಹೊತ್ತು ಇವರು ಬಚ್ಚಲ ಹೊರಗೆ ಚೊಂಬು ಹಿಡಿದು ಕಾಯುತ್ತಿದ್ದದ್ದು, ಒಳಗಿರುವ ಇವರಿಗಾಗಿಯೇ!

ಅದನ್ನು ಮುಗಿಸಿದ್ದೇ ತಡ, ಅರವತ್ಮೂರು, ಎಪ್ಪತ್ತು, ಎಂಬತ್ತು. ಬೈಸಿಕೊಂಡವರಲ್ಲಿ ಯಾರೋ ಹೇಳಿರಬೇಕು, ಸಾಹೇಬರ ಫೋನ್ ಬಂತು: "ಯಾರ್ರೀ ಅದು ತಡೆದಿದ್ದು?"

ಇವರು ನನ್ನ ಕಡೆ ನೋಡದೆ, "ಒಬ್ಬ ಇದಾನೆ ಸಾರ್. ಕರೆದು ಸರಿಯಾಗಿ ವಾರ್ನಿಂಗ್ ಕೊಟ್ಟಿದೀನಿ" ಅಂದರು.

ಐದು ಗಂಟೆಗೆ ಕಮರ್ಷಿಯಲ್ ಸ್ಟ್ರೀಟಿನಲ್ಲಿದ್ದೆವು. ಅಂಗಡಿಯವನು ಸೀರೆ ಬಿಚ್ಚುತ್ತಿದ್ದ, ನಾನು ಓರಗಿತ್ತಿಯ ಸೆರಗಿಗಿಂತ ಒಂದು ಗೇಣು ಅಗಲದ ಸೆರಗು ಹುಡುಕುತ್ತಿದ್ದೆ. ಇವರು ಮಗುವನ್ನು ಎತ್ತಿಕೊಂಡು, ಕಾಲು ಬದಲಿಸುತ್ತಾ ಕೇಳಿದರು: "ಇನ್ನೂ ಎಷ್ಟೇ?"

"ತೊಂಬತ್ತೊಂಬತ್ತು" ಅಂದೆ.

ಅಂಗಡಿಯವನು ಅರ್ಧ ಷಟರ್ ಎಳೆಯುವವರೆಗೂ ತೊಂಬತ್ತೊಂಬತ್ತರಲ್ಲೇ ಇದ್ದೆ.